ಎಂ.ಎಸ್ಸಿ ಅರ್ಧಕ್ಕೆ ಬಿಟ್ಟು ಎಂ.ಬಿ.ಬಿ.ಎಸ್ ಸೇರಲೇ?

ಪ್ರಶ್ನೆ: ಮೇಡಂ, ನಮ್ಮದು ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿ. ನನಗೀಗ 22 ವರ್ಷ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ ಬಯೋಕೆಮಿಸ್ಟ್ರಿ ಓದುತ್ತಿದ್ದೇನೆ. ಎರಡು ಸೆಮಿಸ್ಟರ್ ಮುಗಿದಿವೆ, ಮೂರನೆಯದು ಈಗಷ್ಟೇ ಶುರುವಾಗಿದೆ. ಪಿಯುಸಿ ಆದಾಗ ನೀಟ್‌ನಲ್ಲಿ ಸೀಟು ಬಂದಿರಲಿಲ್ಲ. ಆಸೆ ಮಾತ್ರ ಹೋಗಿರಲಿಲ್ಲ. ಈ ವರ್ಷ ಮನೆಯಲ್ಲಿ ಹೇಳದೆ ಮತ್ತೆ ಬರೆದೆ. ಎರಡನೇ ಸುತ್ತಿನಲ್ಲಿ ಹಾವೇರಿಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಸೇರಲು ಕೆಲವೇ ದಿನ ಉಳಿದಿವೆ. ನನ್ನ ಗೈಡ್ ಸರ್ "ಇನ್ನ ಎರಡ ಸೆಮಿಸ್ಟರ್, ಮುಗಿಸ್ಕೊಂಡ ಹೋಗವಾ" ಅಂತಾರೆ. ಅಪ್ಪ "ಹಿಡದದ್ದು ಅರ್ಧಕ್ಕ ಬಿಟ್ರ ನಾಕ ಮಂದಿ ಏನಂತಾರ" ಅಂತ ಊಟ ಬಿಟ್ಟು ಕೂತಿದ್ದಾರೆ. ಮಾಸ್ಟರ್ಸ್ ಅರ್ಧಕ್ಕೆ ಬಿಟ್ಟವರನ್ನು ಮೆಡಿಕಲ್‌ನಲ್ಲಿ ಕೆಟ್ಟದಾಗಿ ನೋಡುತ್ತಾರೆ, ಅದು ಕೊನೆಯವರೆಗೂ ಕಪ್ಪುಚುಕ್ಕೆ ಅಂತ ಇಂಟರ್ನೆಟ್‌ನಲ್ಲಿ ಓದಿದೆ. ನಿಜಾನಾ? ಒಂದು ವರ್ಷ ಬಿಟ್ಟು ಸೇರಲು ಬರುತ್ತದಾ? ಎಂ.ಎಸ್ಸಿ ಓದಿದ್ದೆ ಅಂತ ಹೊಸ ಕಾಲೇಜಿನಲ್ಲಿ ಹೇಳಬೇಕಾ, ಮುಚ್ಚಿಡಬೇಕಾ?

ಉತ್ತರ: ನಿಮ್ಮ ಪತ್ರ ಬಂದ ದಿನವೇ ಫೋನ್ ಮಾಡಿ ಮುಖ್ಯವಾದ ಮಾತು ಹೇಳಿದ್ದೇನೆ: ಸೀಟು ಬಿಡಬೇಡಿ, ಹೋಗಿ ಸೇರಿ. ಅಷ್ಟು ಹೇಳಿ ಸುಮ್ಮನಾಗುವ ವಿಷಯ ಇದಲ್ಲ. ಇದೇ ಗೊಂದಲದಲ್ಲಿ ಇರುವ ಇನ್ನಿಬ್ಬರ ಪತ್ರಗಳೂ ಬಂದಿವೆ. ಅದಕ್ಕೇ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ. ಮೆಡಿಕಲ್ ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೆ ಬಯೋಕೆಮಿಸ್ಟ್ರಿ ಕಲಿಸುತ್ತಲೇ ನನ್ನ ಸರ್ವಿಸ್ ಮುಗಿದಿದೆ. ನಿಮ್ಮ ಹಾಗೆ ಬೇರೆ ಕೋರ್ಸಿನ ನಡುವಿನಿಂದ ಎದ್ದು ಬಂದವರನ್ನು ಹತ್ತಿರದಿಂದ ನೋಡಿದ್ದೇನೆ.

ಒಂದು ವರ್ಷ ಬಿಟ್ಟು ಸೇರುವ ಮಾತನ್ನು ಮೊದಲು ನೋಡೋಣ. ಅದು ಆಗುವುದಿಲ್ಲ. ನೀಟ್ ಯುಜಿ ಅಂಕ ಇಲ್ಲಿಯ ಕಾಲೇಜುಗಳಿಗೆ ಆ ವರ್ಷದ ಪ್ರವೇಶಕ್ಕೆ ಮಾತ್ರ ನಡೆಯುತ್ತದೆ. ಸೀಟನ್ನು ಮುಂದಿನ ವರ್ಷಕ್ಕೆ ಎತ್ತಿಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲ. ಎಂ.ಎಸ್ಸಿ ಮುಗಿಸಿ ಬರುತ್ತೇನೆ ಎಂದರೆ ಮತ್ತೆ ಮೊದಲಿನಿಂದ ಪರೀಕ್ಷೆ ಬರೆಯಬೇಕು. 2024ರಲ್ಲಿ 23 ಲಕ್ಷಕ್ಕೂ ಜಾಸ್ತಿ ಮಂದಿ ಬರೆದರು, 2025ರಲ್ಲಿ 22 ಲಕ್ಷಕ್ಕೂ ಜಾಸ್ತಿ. ಪ್ರಶ್ನೆಪತ್ರಿಕೆ ಹೇಗೆ ಬರುತ್ತದೆ ಎಂದು ಯಾರಿಗೂ ಹೇಳಲು ಆಗದು. 2024ರಲ್ಲಿ 720ಕ್ಕೆ 720 ತೆಗೆದವರೇ ಹಲವರಿದ್ದರು. ಮರುವರ್ಷ ಪತ್ರಿಕೆ ಎಷ್ಟು ಕಷ್ಟ ಇತ್ತೆಂದರೆ ದೇಶಕ್ಕೇ ಮೊದಲು ಬಂದ ಹುಡುಗನಿಗೆ ಸಿಕ್ಕಿದ್ದು 686. ಇಂಥ ಪರೀಕ್ಷೆಯಲ್ಲಿ ಒಮ್ಮೆ ದಕ್ಕಿದ ರ‍್ಯಾಂಕ್ ಎರಡನೇ ಸಲವೂ ದಕ್ಕುತ್ತದೆ ಎಂದು ನಂಬಿಕೊಂಡು ಕೂರಲು ನನಗಂತೂ ಧೈರ್ಯ ಬರುವುದಿಲ್ಲ. ಅದೂ ನಾಲ್ಕನೇ ಸೆಮಿಸ್ಟರ್‌ನ ಪ್ರಾಜೆಕ್ಟ್ ಮಾಡುತ್ತಾ, ನೀಟ್‌ಗೂ ಓದುತ್ತಾ? ಎರಡೂ ಅರೆಬರೆ ಆಗುತ್ತವೆ.

ಎಂ.ಎಸ್ಸಿಯ ಕತೆ ಹಾಗಲ್ಲ. ನಿಮ್ಮ ಬಿ.ಎಸ್ಸಿ ಪದವಿ ಎಲ್ಲಿಗೂ ಹೋಗುವುದಿಲ್ಲ. ಅದರ ಮೇಲೆ ಎಂ.ಎಸ್ಸಿ ಮಾಡುವ ದಾರಿ 30ಕ್ಕೂ ತೆರೆದಿರುತ್ತದೆ, 40ಕ್ಕೂ ತೆರೆದಿರುತ್ತದೆ. ಒಂದು ಕಾಯುತ್ತದೆ, ಇನ್ನೊಂದು ಕಾಯುವುದಿಲ್ಲ. ನನ್ನ ಉತ್ತರದ ಬೇರು ಇಷ್ಟೇ.

ಇನ್ನು ಆ ಕಪ್ಪುಚುಕ್ಕೆ. ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಅಮೆರಿಕದ ಮಾತು. ಅಲ್ಲಿ ಸಾಮಾನ್ಯವಾಗಿ ಪದವಿ ಮುಗಿಸಿದ ಮೇಲೆಯೇ ಮೆಡಿಕಲ್ ಸ್ಕೂಲ್ ಸೇರುತ್ತಾರೆ. ಅರ್ಜಿಯಲ್ಲಿ ಓದಿದ ಪ್ರತಿ ಕಾಲೇಜು, ಪ್ರತಿ ಕೋರ್ಸು ತೋರಿಸಬೇಕು. ಪ್ರವೇಶ ಸಮಿತಿಯವರು ಕುಳಿತು ಇಡೀ ಅರ್ಜಿ ಓದುತ್ತಾರೆ, ಸಂದರ್ಶನ ಮಾಡುತ್ತಾರೆ. ಮಾಸ್ಟರ್ಸ್ ಹಿಡಿದು ನಡುವೆ ಬಿಟ್ಟಿದ್ದರೆ ಯಾಕೆ ಬಿಟ್ಟೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಿಡಿದ ಮಾಸ್ಟರ್ಸ್ ಮುಗಿಸಿಯೇ ಬಾ ಎನ್ನುವ ಕಾಲೇಜುಗಳೂ ಅಲ್ಲಿವೆ. ಅಲ್ಲಿ ಆ ಸಲಹೆ ಸರಿಯಾದದ್ದೇ. ನಮ್ಮಲ್ಲಿ ಸಮಿತಿಯೂ ಇಲ್ಲ, ಸಂದರ್ಶನವೂ ಇಲ್ಲ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇದ್ದು ಬೇಕಾದಷ್ಟು ಅಂಕ ಬಂದಿರಬೇಕು. ಸಾಮಾನ್ಯ ವರ್ಗಕ್ಕೆ 50 ಶೇಕಡಾ, ಮೀಸಲಾತಿ ಇರುವವರಿಗೆ 40. ಉಳಿದದ್ದೆಲ್ಲ ನೀಟ್ ರ‍್ಯಾಂಕ್. ನಿಮ್ಮ ಬಿ.ಎಸ್ಸಿಯೇ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಎಂ.ಎಸ್ಸಿ ಬಿಟ್ಟದ್ದು ಹೇಗೆ ಬಂದೀತು?

ಮುಂದೆ ಎಂ.ಡಿ, ಎಂ.ಎಸ್ ಮಾಡುವಾಗಲೂ ಯಾರೂ ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಎಂ.ಬಿ.ಬಿ.ಎಸ್, ಇಂಟರ್ನ್‌ಶಿಪ್ ಮತ್ತು ನೀಟ್ ಪಿಜಿ ಅಂಕ.

ವಯಸ್ಸು ಹೆಚ್ಚಾಯಿತೇನೋ ಎಂಬ ಅಳುಕು ನಿಮ್ಮ ಪತ್ರದಲ್ಲಿ ನೇರವಾಗಿ ಇಲ್ಲ. ಆದರೆ 22 ಎಂದು ಬರೆದ ರೀತಿಯಲ್ಲೇ ಅದು ಕಾಣಿಸುತ್ತದೆ. ನೀಟ್‌ಗೆ ಸಾಮಾನ್ಯ ವರ್ಗದವರಿಗೆ 25 ವರ್ಷ, ಮೀಸಲಾತಿ ಇದ್ದವರಿಗೆ 30 ಎಂಬ ಮಿತಿ ಹಿಂದೆ ಇತ್ತು. ಅದು ಕೋರ್ಟು ಹತ್ತಿ ಇಳಿದು, ಕೊನೆಗೆ 2022ರಲ್ಲಿ ತೆಗೆದುಹಾಕಿದರು. ಈಗ ಕನಿಷ್ಠ ವಯಸ್ಸು 17 ಆಗಿದ್ದರೆ ಸಾಕು. ಎಂ.ಬಿ.ಬಿ.ಎಸ್ ನಾಲ್ಕೂವರೆ ವರ್ಷದ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಒಟ್ಟು ಐದೂವರೆ. 28ರ ಹೊತ್ತಿಗೆ ನೀವು ಡಾಕ್ಟರ್. ಎಂ.ಎಸ್ಸಿ ಮುಗಿಸಿ, ಮುಂದಿನ ವರ್ಷ ನೀಟ್‌ನಲ್ಲಿ ಅದೃಷ್ಟವೂ ಒಲಿದರೆ ಒಂದು ವರ್ಷ ತಡ. ಒಲಿಯದಿದ್ದರೆ?

ನೀವು ಕೇಳದೇ ಇರುವ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು ಇನ್ನೊಂದಿದೆ. ಬಿಡುವುದು ತಪ್ಪಲ್ಲ. ಹೇಗೆ ಬಿಡುತ್ತೀರಿ ಎಂಬುದರಲ್ಲಿ ತಪ್ಪಾಗುತ್ತದೆ.

ಬಹಳ ವರ್ಷಗಳ ಹಿಂದೆ ನನ್ನ ತರಗತಿಗೆ ಒಬ್ಬ ಹುಡುಗ ಬಂದ. ಎಂ.ಎಸ್ಸಿ ಮೊದಲ ವರ್ಷದ ನಡುವೆ ಸೀಟು ಸಿಕ್ಕಿತ್ತು. ಖುಷಿಯಲ್ಲಿ ರಾತ್ರೋರಾತ್ರಿ ಹಾಸ್ಟೆಲ್ ಖಾಲಿ ಮಾಡಿಕೊಂಡು ಬಂದಿದ್ದ. ವಿಭಾಗದಲ್ಲಿ ಯಾರಿಗೂ ಹೇಳಿರಲಿಲ್ಲ. ಗ್ರಂಥಾಲಯದ ಮೂರು ಪುಸ್ತಕ ಅವನ ಟ್ರಂಕಿನಲ್ಲೇ ಇದ್ದವು. ನಮ್ಮ ಕಾಲೇಜಿನವರು ಟಿ.ಸಿ ಕೇಳಿದರು. ಹಳೆಯ ವಿಭಾಗದವರು ನೋ ಡ್ಯೂಸ್, ಅಂದರೆ ಏನೂ ಬಾಕಿ ಇಲ್ಲ ಎಂಬ ಪತ್ರ ಕೇಳಿದರು. ಹಾಸ್ಟೆಲ್ಲಿನವರು ಮೆಸ್ ಬಾಕಿ ಕೇಳಿದರು. ಸಹಿ ಹಾಕಬೇಕಾದ ಮೇಷ್ಟ್ರಿಗೆ ಮನಸ್ಸಿಗೆ ನೋವಾಗಿತ್ತು. ಅವರು ರಜೆ ಮೇಲೆ ಹೋದರು. ಎರಡು ತಿಂಗಳು ಆ ಹುಡುಗ ಬೆಳಿಗ್ಗೆ ಅನಾಟಮಿ ಕ್ಲಾಸು, ಮಧ್ಯಾಹ್ನ ಬಸ್ಸು ಅಂತ ಓಡಾಡಿದ. ಮೊದಲ ಇಂಟರ್ನಲ್ ಪರೀಕ್ಷೆಯಲ್ಲಿ ಮೂರೂ ವಿಷಯ ಹೋದವು. ಅವನು ದಡ್ಡನಾಗಿರಲಿಲ್ಲ. ಬಾಗಿಲು ಹಾಕದೆ ಹೊರಟಿದ್ದ, ಅಷ್ಟೇ.

ಆದ್ದರಿಂದ ನೀವು ಹೀಗೆ ಮಾಡಿ. ಮೊದಲು ಹಾವೇರಿಯ ಸೀಟನ್ನು ಕಾಗದದ ಮೇಲೆ ಗಟ್ಟಿ ಮಾಡಿಕೊಳ್ಳಿ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹೇಳಿದಂತೆ ಶುಲ್ಕ ಕಟ್ಟಿ, ಪ್ರವೇಶ ಆದೇಶ ಇಳಿಸಿಕೊಳ್ಳಿ. ಅದು ಕೈಗೆ ಬರುವ ತನಕ ಧಾರವಾಡದಲ್ಲಿ ಯಾವ ರಾಜೀನಾಮೆ ಪತ್ರವನ್ನೂ ಕೊಡಬೇಡಿ. ಬಂದ ಮೇಲೆ ಒಂದು ದಿನವೂ ತಡ ಮಾಡಬೇಡಿ. ವಿಭಾಗದ ಚೇರ್ಮನ್‌ಗೆ ಒಂದು ಅರ್ಜಿ ಬರೆಯಿರಿ. ಉದ್ದ ಬೇಡ. ಮೆಡಿಕಲ್ ಸೀಟು ಸಿಕ್ಕಿದೆ, ಇಂಥ ದಿನದಿಂದ ಕೋರ್ಸ್ ಬಿಡುತ್ತಿದ್ದೇನೆ, ಟಿ.ಸಿ ಮತ್ತು ಮೈಗ್ರೇಶನ್ ಸರ್ಟಿಫಿಕೇಟ್ ಕೊಡಿಸಿ ಎಂದು ನಾಲ್ಕು ಸಾಲು. ಆದೇಶದ ಪ್ರತಿ ಲಗತ್ತಿಸಿ. ನಿಮ್ಮ ಬಳಿ ಇರುವ ಪ್ರತಿಗೆ ದಿನಾಂಕ ಹಾಕಿಸಿ ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಈ ಸ್ವೀಕೃತಿ ಬಹಳ ಮಂದಿ ಮರೆಯುತ್ತಾರೆ. ಟಿ.ಸಿ ಬರುವುದು ತಡವಾದರೆ ಹೊಸ ಕಾಲೇಜಿನಲ್ಲಿ "ಅರ್ಜಿ ಕೊಟ್ಟಿದ್ದೇನೆ, ಇಗೋ ನೋಡಿ" ಎಂದು ಸಮಯ ಕೇಳಲು ನಿಮಗೆ ಇರುವ ಆಧಾರ ಅದೊಂದೇ.

ನೋ ಡ್ಯೂಸ್‌ಗೆ ಒಂದು ಪೂರ್ತಿ ದಿನ ಬೇಕು. ವಿಭಾಗದ ಲ್ಯಾಬು, ವಿಭಾಗದ ಪುಸ್ತಕ, ದೊಡ್ಡ ಗ್ರಂಥಾಲಯ, ಹಾಸ್ಟೆಲ್ಲು, ಮೆಸ್ಸು, ಆಡಳಿತ ಕಚೇರಿ. ಒಡೆದ ಬ್ಯೂರೆಟ್ ದುಡ್ಡು ಬಾಕಿ ಇದ್ದರೂ ಸಹಿ ನಿಲ್ಲುತ್ತದೆ. ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೇ ಹೋಗಿ. ಆ ಗುಡ್ಡದ ಮೇಲಿನ ಕ್ಯಾಂಪಸ್ ಎಷ್ಟು ದೊಡ್ಡದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗೆಳತಿಯ ಸ್ಕೂಟಿ ಸಿಕ್ಕರೆ ಅರ್ಧ ಕೆಲಸ ಆದಂತೆ.

ನಿಮ್ಮ ಮೂಲ ಅಂಕಪಟ್ಟಿಗಳನ್ನು ಯಾವ ಕಚೇರಿಯಾದರೂ ಇಟ್ಟುಕೊಂಡಿದ್ದರೆ ಗಾಬರಿ ಬೇಡ. ವಿಶ್ವವಿದ್ಯಾಲಯ ಅಥವಾ ಕಾಲೇಜು ಮೂಲ ದಾಖಲೆಗಳನ್ನು ಪರಿಶೀಲಿಸಿ ಹಿಂತಿರುಗಿಸಬೇಕು, ಇಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಜಗಳಕ್ಕೆ ಹೋಗದೆ, ಆ ನಿಯಮ ಗೊತ್ತಿದೆ ಎಂದು ತಿಳಿಯುವ ಹಾಗೆ ಮೃದುವಾಗಿ ಕೇಳಿ. ಕಟ್ಟಿದ ಶುಲ್ಕದ ಆಸೆ ಮಾತ್ರ ಬಿಡಿ. ಪ್ರವೇಶದ ಕೊನೆಯ ದಿನ ಕಳೆದು 30 ದಿನ ದಾಟಿದರೆ ಏನೂ ವಾಪಸ್ ಬರುವುದಿಲ್ಲ ಎಂಬುದು ಅದೇ ಯುಜಿಸಿ ನಿಯಮದ ಇನ್ನೊಂದು ಭಾಗ. ಮೊದಲ ವರ್ಷದ್ದು ಹೋಯಿತು. ಮೂರನೇ ಸೆಮಿಸ್ಟರ್‌ಗೆ ಇನ್ನೂ ಕಟ್ಟಿರದಿದ್ದರೆ ಈಗ ಕಟ್ಟಬೇಡಿ.

ಮೊದಲ ಮತ್ತು ಎರಡನೇ ಸೆಮಿಸ್ಟರ್‌ನ ಅಂಕಪಟ್ಟಿಗಳನ್ನು ತಪ್ಪದೆ ತೆಗೆದುಕೊಂಡು ಬನ್ನಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಬಿಟ್ಟು ಹೋಗುವವರಿಗೆ ಆ ಹಾಳೆ ಕಸದಂತೆ ಕಾಣುತ್ತದೆ. ಅದು ಒಂದು ವರ್ಷದ ನಿಮ್ಮ ದುಡಿಮೆ. ನಿಮ್ಮ ಕ್ರೆಡಿಟ್‌ಗಳು ಓದಿದ್ದರ ಲೆಕ್ಕ ಇಡುವ ಆನ್‌ಲೈನ್ ಖಾತೆಯಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಏರಿವೆಯಾ ನೋಡಿ. 2021ರ ಯುಜಿಸಿ ನಿಯಮದಂತೆ ಅಲ್ಲಿ ಸೇರಿದ ಕ್ರೆಡಿಟ್ ಹೆಚ್ಚೆಂದರೆ ಏಳು ವರ್ಷ ಉಳಿಯುತ್ತದೆ. ಇನ್ನೂ ಒಂದು ಪ್ರಶ್ನೆಯನ್ನು ಚೇರ್ಮನ್ ಹತ್ತಿರ ಕೇಳಿ. ಎರಡು ವರ್ಷದ ಎಂ.ಎಸ್ಸಿಯಲ್ಲಿ ಒಂದು ವರ್ಷ ಮುಗಿಸಿ ಹೊರಡುವವರಿಗೆ ಪಿಜಿ ಡಿಪ್ಲೊಮಾ ಕೊಡಬಹುದು ಎಂದು ಯುಜಿಸಿಯ 2024ರ ಚೌಕಟ್ಟು ಹೇಳುತ್ತದೆ. ನಿಮ್ಮ ಬ್ಯಾಚಿನ ನಿಯಮಾವಳಿಯಲ್ಲಿ ಅದು ಇದ್ದರೆ, ನಿಮ್ಮದು ಅರ್ಧಕ್ಕೆ ಬಿಟ್ಟ ಓದೇ ಆಗುವುದಿಲ್ಲ. ಒಂದು ವರ್ಷದ ಡಿಪ್ಲೊಮಾ ಮುಗಿಸಿದ ಹಾಗಾಗುತ್ತದೆ. ಅಪ್ಪನಿಗೆ ಹೇಳಲು ಅದೂ ಒಂದು ಒಳ್ಳೆಯ ಮಾತು.

"ಎರಡೂ ಕಡೆ ಹೆಸರು ಇಟ್ಟುಕೊಂಡು ಮಾಡಬಹುದಂತೆ" ಎಂದು ಯಾರಾದರೂ ನಿಮ್ಮ ಕಿವಿಯಲ್ಲಿ ಹೇಳಿಯೇ ಹೇಳುತ್ತಾರೆ. ಏಪ್ರಿಲ್ 2022ರಿಂದ ಯುಜಿಸಿ ಎರಡು ಪದವಿ ಒಟ್ಟಿಗೆ ಮಾಡಲು ಬಿಟ್ಟಿರುವುದು ನಿಜ. ಆದರೆ ತರಗತಿಯ ಹೊತ್ತು ಒಂದಕ್ಕೊಂದು ಅಡ್ಡ ಬರಬಾರದು ಎಂಬ ಷರತ್ತಿದೆ. ಎಂ.ಬಿ.ಬಿ.ಎಸ್‌ನಲ್ಲಿ ಥಿಯರಿಗೆ 75 ಶೇಕಡಾ, ಪ್ರಾಕ್ಟಿಕಲ್‌ಗೆ 80 ಶೇಕಡಾ ಹಾಜರಿ ಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಕಾಲೇಜಿನಲ್ಲೇ ಇರುತ್ತೀರಿ. ಹಾವೇರಿಯಲ್ಲಿ ಡಿಸೆಕ್ಷನ್ ಮಾಡುತ್ತಾ ಧಾರವಾಡದಲ್ಲಿ ಪ್ರಾಜೆಕ್ಟ್ ಮಾಡಲು ಆಗುವುದಿಲ್ಲ. ಎರಡು ಹಾಜರಿ ಪುಸ್ತಕದಲ್ಲಿ ಹೆಸರಿಟ್ಟು ಸಿಕ್ಕಿಬಿದ್ದರೆ ಎರಡಕ್ಕೂ ಕುತ್ತು. ಬೇಡ.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ನೀವು ಬಿ.ಎಸ್ಸಿ ಮುಗಿಸಿ ಮತ್ತೆ ಪದವಿ ಮಟ್ಟದ ಕೋರ್ಸ್ ಸೇರುತ್ತಿದ್ದೀರಿ. ಒಂದು ಮಟ್ಟ ಮುಗಿಸಿದವರು ಅದೇ ಮಟ್ಟದ ಇನ್ನೊಂದು ಕೋರ್ಸ್ ಓದಿದರೆ ಹಲವು ವಿದ್ಯಾರ್ಥಿವೇತನಗಳು ಸಿಗುವುದಿಲ್ಲ. ಅದಕ್ಕೆ ಸ್ಕಾಲರ್‌ಶಿಪ್ ಬರುತ್ತದೆ ಎಂದು ಲೆಕ್ಕ ಹಾಕಿಕೊಂಡು ಹೋಗಬೇಡಿ. ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ನಿಮ್ಮ ಹಳೆಯ ಓದನ್ನು ಮೊದಲೇ ತಿಳಿಸಿ, ಸಿಗುವುದಾದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್.ಎಸ್.ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಎಂ.ಎಸ್ಸಿಗೆ ಈ ವರ್ಷ ಹಾಕಿದ ಅರ್ಜಿ ಇದ್ದರೆ ಅದನ್ನು ನಿಲ್ಲಿಸಿ. ಸರ್ಕಾರಿ ಕಾಲೇಜಿನ ಸರ್ಕಾರಿ ಸೀಟಿನ ಶುಲ್ಕ ಖಾಸಗಿಯದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಅದಕ್ಕೂ ತೊಂದರೆ ಆದರೆ ಬ್ಯಾಂಕಿನ ಶಿಕ್ಷಣ ಸಾಲ ಇದೆ, 7.5 ಲಕ್ಷ ರೂಪಾಯಿವರೆಗೆ ಹೊಲ ಮನೆ ಅಡವಿಡದೆ ಸಿಗುತ್ತದೆ. ಹೊಲದ ಕಾಗದ ಮುಟ್ಟಬೇಡಿ.

ಈಗ ನಿಮ್ಮ ಗೈಡ್ ವಿಷಯ. "ಮುಗಿಸ್ಕೊಂಡ ಹೋಗವಾ" ಎಂದವರನ್ನು ನಿಮ್ಮ ಏಳಿಗೆಗೆ ಅಡ್ಡ ಬರುವವರು ಎಂದುಕೊಳ್ಳಬೇಡಿ. ಅವರ ಕಡೆಯಿಂದಲೂ ಸ್ವಲ್ಪ ನೋಡಿ. ಒಂದು ಎಂ.ಎಸ್ಸಿ ಸೀಟು ಈಗ ಖಾಲಿ ಬೀಳುತ್ತದೆ. ಎರಡನೇ ವರ್ಷಕ್ಕೆ ಅದನ್ನು ಇನ್ನೊಬ್ಬರಿಗೆ ಕೊಡಲು ಆಗುವುದಿಲ್ಲ. ಕಳೆದ ವರ್ಷ ಆ ಸೀಟಿಗಾಗಿ ಕಾದು ನಿರಾಸೆಯಿಂದ ಊರಿಗೆ ಹೋದ ಒಬ್ಬ ಹುಡುಗಿ ಎಲ್ಲೋ ಇದ್ದಾಳೆ. ನಿಮಗೆ ಅವರು ಪಿಪೆಟ್ ಹಿಡಿಯುವುದರಿಂದ ಕಲಿಸಿದ್ದಾರೆ. ನಿಮ್ಮ ಹೆಸರಿನಲ್ಲಿ ಒಂದು ಪ್ರಾಜೆಕ್ಟ್ ಯೋಚಿಸಿ ಇಟ್ಟಿದ್ದಾರೆ. ನಾನೂ ಅದೇ ಕುರ್ಚಿಯಲ್ಲಿ ಕುಳಿತವಳು. ಒಳ್ಳೆಯ ವಿದ್ಯಾರ್ಥಿ ಹೊರಟು ನಿಂತಾಗ ಸಂತೋಷವೂ ಆಗುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ.

ಆದ್ದರಿಂದ ಅವರಿಗೆ ಫೋನಿನಲ್ಲಿ ಹೇಳಬೇಡಿ, ಮೆಸೇಜ್ ಅಂತೂ ಬೇಡವೇ ಬೇಡ. ಲ್ಯಾಬಿನಲ್ಲಿ ಜನ ಇಲ್ಲದ ಹೊತ್ತು ನೋಡಿ ಹೋಗಿ. ಸೇರುವುದೆಂದು ತೀರ್ಮಾನ ಮಾಡಿದ್ದನ್ನು ನೇರವಾಗಿ ಹೇಳಿ. "ಏನು ಮಾಡಲಿ ಸರ್" ಎಂದು ಕೇಳಿ, ಅವರು ಬೇಡ ಎಂದ ಮೇಲೆ ಹೊರಡುವುದು ಅವರಿಗೂ ಕಷ್ಟ, ನಿಮಗೂ ಕಷ್ಟ. ತೀರ್ಮಾನ ಹೇಳಿ, ಆಶೀರ್ವಾದ ಕೇಳಿ. ನೀಟ್ ಬರೆದದ್ದನ್ನು ಮುಚ್ಚಿಟ್ಟಿದ್ದಕ್ಕೆ ಕ್ಷಮೆ ಕೇಳಿ. ನಿಮ್ಮ ಲ್ಯಾಬ್ ನೋಟ್‌ಬುಕ್ ಪೂರ್ತಿ ಮಾಡಿ ಒಪ್ಪಿಸಿ. ಫ್ರೀಜರಿನಲ್ಲಿ ಇಟ್ಟ ಸ್ಯಾಂಪಲ್‌ಗಳ ಮೇಲೆ ಏನು, ಯಾವ ದಿನದ್ದು ಎಂದು ಬರೆಯಿರಿ. ಹೆಸರಿಲ್ಲದ ಟ್ಯೂಬನ್ನು ಮುಂದಿನವರು ಎಸೆಯಬೇಕಾಗುತ್ತದೆ, ನಿಮ್ಮ ಆರು ತಿಂಗಳ ಕೆಲಸ ಅಲ್ಲಿಗೆ ಮುಗಿಯುತ್ತದೆ. ಜೂನಿಯರ್ ಒಬ್ಬರಿಗೆ ಅರ್ಧ ದಿನ ಕುಳಿತು ಎಲ್ಲ ತೋರಿಸಿಕೊಟ್ಟು ಬನ್ನಿ.

ಅಪ್ಪನ ಮಾತಿಗೆ ಬರೋಣ. ಮುಂಡರಗಿ ಕಡೆಯವರು ಎಂದಿದ್ದೀರಿ. ಎರೆ ಹೊಲ ಇದ್ದರೆ ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳವೋ ಕಡಲೆಯೋ ಬಿತ್ತಿರುತ್ತಾರೆ. ಹೆಸರು ರಾಶಿಯಾಗಿ ಮನೆಗೆ ಬಂದ ಮೇಲೂ ಅದರ ಬೇರು ಹೊಲದಲ್ಲೇ ಇರುತ್ತದೆ. ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ ಹಿಡಿದಿಟ್ಟಿರುತ್ತದೆ, ಅದರಲ್ಲಿ ಒಂದಿಷ್ಟು ಹಿಂಗಾರಿ ಬೆಳೆಗೆ ಸಿಗುತ್ತದೆ. ಹೆಸರಿನ ಮೇಲೆ ಬಿತ್ತಿದ ಜೋಳ ಚೆನ್ನಾಗಿ ಏಳುತ್ತದೆ ಎಂದು ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮ ಎರಡು ಸೆಮಿಸ್ಟರ್ ಬಯೋಕೆಮಿಸ್ಟ್ರಿ ಅಂಥ ಬೇರು ಎಂದು ಹೇಳಿ ನೋಡಿ. ಮತ್ತೆ, ಮನೆಯಲ್ಲಿ ಹೇಳದೆ ಪರೀಕ್ಷೆ ಬರೆದದ್ದು ಅವರಿಗೆ ಜಾಸ್ತಿ ನೋವು ಕೊಟ್ಟಿರಬಹುದು ಅನ್ನಿಸುತ್ತದೆ. ನಾಲ್ಕು ಮಂದಿಯ ಮಾತು ಮೇಲಿನದು, ಒಳಗಿರುವುದು ಇದು. ಸೇರುವ ದಿನ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಮೊದಲ ವರ್ಷದಲ್ಲಿ ಈ ಎಂ.ಎಸ್ಸಿ ಓದು ಎಷ್ಟು ಕೆಲಸಕ್ಕೆ ಬರುತ್ತದೆ? ಇದು ನನ್ನ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೂರು ಮುಖ್ಯ ವಿಷಯ. ಬಯೋಕೆಮಿಸ್ಟ್ರಿಯಲ್ಲಿ ನೀವು ಮುಂದಿರುತ್ತೀರಿ. ಅಲ್ಲೇ ಎಡವುವ ಅಪಾಯವೂ ಇದೆ. ಎಂ.ಎಸ್ಸಿಯಲ್ಲಿ ಗ್ಲೂಕೋಸ್‌ನ ಪೆಂಟೋಸ್ ಫಾಸ್ಫೇಟ್ ದಾರಿ ಕಲಿತಿದ್ದೀರಿ. ಜಿ6ಪಿಡಿ ಎಂಬ ಕಿಣ್ವ ಎನ್‌ಎಡಿಪಿಎಚ್ ತಯಾರಿಸುತ್ತದೆ ಎಂದು ಗೊತ್ತು. ಮೆಡಿಕಲ್‌ನಲ್ಲಿ ಪ್ರಶ್ನೆ ಬೇರೆ ಕಡೆಯಿಂದ ಬರುತ್ತದೆ. ಒಬ್ಬ ಹುಡುಗನಿಗೆ ಮಲೇರಿಯಾ ಆಗಿತ್ತು, ಪ್ರೈಮಾಕ್ವಿನ್ ಮಾತ್ರೆ ಕೊಟ್ಟರು, ಎರಡು ಮೂರು ದಿನಕ್ಕೆ ಕಣ್ಣು ಹಳದಿಯಾಯಿತು, ಮೂತ್ರ ಕಡು ಬಣ್ಣಕ್ಕೆ ತಿರುಗಿತು. ಯಾಕೆ? ಆ ಕಿಣ್ವ ಅವನಲ್ಲಿ ಕಡಿಮೆ ಇದೆ. ಎನ್‌ಎಡಿಪಿಎಚ್ ಸಾಲದೆ ಕೆಂಪು ರಕ್ತಕಣಗಳು ಔಷಧದ ಹೊಡೆತ ತಾಳದೆ ಒಡೆದವು. ಉತ್ತರ ನಿಮಗೆ ಗೊತ್ತಿರುವುದೇ. ಆದರೆ ಹಳದಿ ಕಣ್ಣಿನಿಂದ ಕಿಣ್ವದ ಕಡೆಗೆ ನಡೆಯುವ ಅಭ್ಯಾಸ ಇನ್ನೂ ಇಲ್ಲ. "ಇದೆಲ್ಲ ಓದಿದ್ದೇ" ಎಂದು ಪುಸ್ತಕ ಮುಚ್ಚಿದ ಎಂ.ಎಸ್ಸಿ ಹುಡುಗರಿಗಿಂತ, ಪಿಯುಸಿಯಿಂದ ನೇರ ಬಂದ ಹುಡುಗಿಯರು ಜಾಸ್ತಿ ಅಂಕ ತೆಗೆದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಅನಾಟಮಿಯಲ್ಲಿ ನೀವೂ ಅವರೂ ಒಂದೇ. ಭುಜದ ನರಗಳ ಜಾಲ ಯಾವ ಎಂ.ಎಸ್ಸಿಯಲ್ಲೂ ಬಂದಿರುವುದಿಲ್ಲ. ಬಯೋಕೆಮಿಸ್ಟ್ರಿಯಲ್ಲಿ ಉಳಿಯುವ ಹೊತ್ತನ್ನೆಲ್ಲ ಅಲ್ಲಿಗೆ ಹಾಕಿ. ಎರಡನೇ ಸುತ್ತಿನಲ್ಲಿ ಸೇರುತ್ತಿದ್ದೀರಿ, ಕ್ಲಾಸು ಶುರುವಾಗಿರಬಹುದು. ಮೊದಲ ವಾರವೇ ಒಬ್ಬರ ನೋಟ್ಸ್ ಕೇಳಿ ಪಡೆಯಿರಿ. ಮೊದಲ ವರ್ಷದ ಪರೀಕ್ಷೆಗೆ ನಾಲ್ಕು ಅವಕಾಶ ಮಾತ್ರ, ಇಡೀ ಕೋರ್ಸಿಗೆ ಒಂಬತ್ತು ವರ್ಷ ಮಿತಿ ಎಂದು 2023ರ ನಿಯಮ ಹೇಳುತ್ತದೆ. ಹೆದರಿಸಲು ಹೇಳುತ್ತಿಲ್ಲ. ಹಿಂದೆ ಬಿದ್ದರೆ ಬೇಗ ಮೇಷ್ಟ್ರ ಹತ್ತಿರ ಹೋಗಿ ಎಂದು ಹೇಳುತ್ತಿದ್ದೇನೆ.

ಹಾವೇರಿಯದು ಹೊಸ ಕಾಲೇಜು ಎಂಬ ಕೊರಗು ಇದ್ದರೆ ಬಿಡಿ. ನಾವೆಲ್ಲ ಈಗಲೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಕಾಲೇಜು 1957ರಲ್ಲಿ ಶುರುವಾದದ್ದು. ಹಾವೇರಿಯಲ್ಲಿ ಮೊದಲ ಬ್ಯಾಚು ಬಂದದ್ದು 2022ರಲ್ಲಿ. ಹುಬ್ಬಳ್ಳಿಯಲ್ಲಿ ರೋಗಿಗಳ ಸಂಖ್ಯೆ, ಅನುಭವ ಜಾಸ್ತಿ, ಅದು ನಿಜ. ಆದರೆ ಎರಡೂ ಕಡೆ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೇ. ಮುಂದಿನ ಸುತ್ತಿನ ಆಸೆಗೆ ಇದ್ದ ಸೀಟು ಕಳೆದುಕೊಳ್ಳಬೇಡಿ. ಯಾವ ಸುತ್ತಿನಲ್ಲಿ ಬಿಟ್ಟರೆ ಎಷ್ಟು ದಂಡ ಎಂಬುದು ಈ ವರ್ಷದ ಕೆಇಎ ಮಾಹಿತಿ ಪುಸ್ತಕದಲ್ಲಿದೆ, ಓದಿಯೇ ಮುಂದಿನ ಹೆಜ್ಜೆ ಇಡಿ.

ಬಂದ ಇನ್ನೆರಡು ಪತ್ರಗಳಿಗೆ ನನ್ನ ಉತ್ತರ ಬೇರೆ. ಸವಣೂರಿನ ಒಬ್ಬರು ಎಂ.ಎಸ್ಸಿ ನಾಲ್ಕನೇ ಸೆಮಿಸ್ಟರ್‌ನಲ್ಲಿದ್ದಾರೆ. ಅದನ್ನು ಬಿಟ್ಟು ಒಂದು ವರ್ಷ ನೀಟ್ ಲಾಂಗ್ ಟರ್ಮ್ ಕೋಚಿಂಗ್ ಸೇರಬೇಕು ಎನ್ನುತ್ತಾರೆ. ಬೇಡ. ಕೈಯಲ್ಲಿ ಸೀಟು ಇದ್ದು ಬಿಡುವುದು ಒಂದು, ಸೀಟಿನ ಆಸೆಗೆ ಬಿಡುವುದು ಇನ್ನೊಂದು. ಕೆಲವೇ ತಿಂಗಳಲ್ಲಿ ಎಂ.ಎಸ್ಸಿ ಕೈಗೆ ಬರುತ್ತದೆ. ಅದು ಇದ್ದರೆ ಲೆಕ್ಚರರ್ ಕೆಲಸಕ್ಕೋ ಲ್ಯಾಬಿಗೋ ದಾರಿ ಇರುತ್ತದೆ. ಮುಗಿಸಿ, ಆಮೇಲೆ ಬರೆಯಿರಿ. ನೀಟ್ ಇಷ್ಟೇ ಸಲ ಬರೆಯಬೇಕು ಎಂಬ ಮಿತಿ ಇಲ್ಲ, ವಯಸ್ಸಿನ ಮಿತಿಯೂ ಇಲ್ಲ. ಮಿತಿ ಇಲ್ಲ ಎಂಬ ಕಾರಣಕ್ಕೇ ನಾಲ್ಕೈದು ವರ್ಷ ಅದರಲ್ಲೇ ಕಳೆದವರನ್ನು ಬಲ್ಲೆ. ಅವರ ಮುಖ ನೆನಪಾದರೆ ನನಗೆ ಈಗಲೂ ಬೇಸರವಾಗುತ್ತದೆ. ನಿಮ್ಮ ಮಿತಿಯನ್ನು ನೀವೇ ಹಾಕಿಕೊಳ್ಳಿ.

ಹುಬ್ಬಳ್ಳಿಯ ಇನ್ನೊಬ್ಬರ ಮಗನಿಗೆ ಖಾಸಗಿ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಸಿಗುವ ಹಾಗಿದೆ, ಮನೆ ಮಾರಿ ಕಟ್ಟಬೇಕು. ಹುಡುಗ ಎಂ.ಎಸ್ಸಿಯಲ್ಲಿ ಚೆನ್ನಾಗಿ ಓದುತ್ತಿದ್ದಾನೆ, ಖುಷಿಯಾಗಿಯೂ ಇದ್ದಾನೆ. ಡಾಕ್ಟರ್ ಆಗುವ ಆಸೆ ಅವನದಾ, ನಿಮ್ಮದಾ ಎಂದು ದಯವಿಟ್ಟು ಅವನನ್ನೇ ಕೇಳಿ. ನಿಮ್ಮ ಪತ್ರದಲ್ಲಿ ಅವನ ಮಾತು ಒಂದೂ ಇಲ್ಲ.

ಮತ್ತೆ ನಿಮ್ಮ ಕೊನೆಯ ಪ್ರಶ್ನೆ. ಹೇಳಬೇಕಾ, ಮುಚ್ಚಿಡಬೇಕಾ? ಟಿ.ಸಿಯೇ ಎಲ್ಲಾ ಹೇಳುತ್ತದೆ, ಮುಚ್ಚಿಡಲು ಆಗುವುದಿಲ್ಲ. ಮುಚ್ಚಿಡುವಂಥದ್ದೂ ಅದರಲ್ಲಿ ಏನಿಲ್ಲ. 18ರ ಹುಡುಗಿಯರು ನಿಮ್ಮನ್ನು "ಅಕ್ಕಾ" ಎಂದು ಕರೆದು ಡೌಟು ಕೇಳುತ್ತಾರೆ. ಹೇಳಿಕೊಡಿ, ಹೇಳಿಕೊಡುವಾಗ ನಿಮಗೇ ಗಟ್ಟಿಯಾಗುತ್ತದೆ. ಬಯೋಕೆಮಿಸ್ಟ್ರಿ ಮೇಷ್ಟ್ರಿಗಂತೂ ಮೊದಲ ವಾರವೇ ಹೇಳಿ. ಎಂ.ಬಿ.ಬಿ.ಎಸ್ ವಿದ್ಯಾರ್ಥಿಗಳು ಎರಡು ತಿಂಗಳ ಸಣ್ಣ ಸಂಶೋಧನೆ ಮಾಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸ್ಟೂಡೆಂಟ್‌ಶಿಪ್ ಕೊಡುತ್ತದೆ. ಎಂ.ಬಿ.ಬಿ.ಎಸ್ ಮೇಲೆ ಸಂಶೋಧನಾ ಫೆಲೋಶಿಪ್‌ಗೆ ದಾರಿಯಾದ ಸಿಎಸ್ಐಆರ್ ನೆಟ್ ಪರೀಕ್ಷೆ ಕೂಡ ಬರೆಯಬಹುದು. ಸಂಶೋಧನೆಯ ಬಾಗಿಲು ಮುಚ್ಚಿತು ಎಂದು ಗೈಡ್ ಸರ್ ಬೇಸರ ಮಾಡಿಕೊಂಡರೆ ಇದನ್ನೂ ಹೇಳಿ. ಐಸಿಎಂಆರ್‌ಗೆ ಅರ್ಜಿ ಹಾಕಲು ಏನು ವಿಷಯ ತೆಗೆದುಕೊಳ್ಳಲಿ ಎಂಬ ಪ್ರಶ್ನೆ ಬಂದಾಗ, ಮೊದಲ ಫೋನು ಅವರಿಗೇ ಮಾಡಿ.